ಹೊರಡುವ ಮುನ್ನ: ಆಶ್ರಮವಾಸಿಕ ಪರ್ವದ ಕುಂತಿ

ನಮ್ಮ ತಂದೆತಾಯಿ ದೂರದ ಕ್ಷೇತ್ರವೊಂದರ ಅನ್ನಛತ್ರದಲ್ಲಿ ಒಂದು ವರ್ಷ ಸೇವೆ ಸಲ್ಲಿಸಲು ಹೊರಡುವ ಮೊದಲಿನ ಶನಿವಾರ, ಭಾನುವಾರ ನಾವು ಮಕ್ಕಳೆಲ್ಲ ಕುಂದಾದ ಮನೆಯಲ್ಲಿ ಸೇರಿದ್ದೆವು. ತಮ್ಮ ಬೆಂಗಳೂರಿನಿಂದ ಬಂದಿದ್ದ. ತಂಗಿ ಕೊಯಮತ್ತೂರಿನಿಂದ ಗೆದ್ದೆಯ ಹಾದಿಯಾಗಿ ನಲವತ್ತಮೂರು ತಿರುವುಗಳನ್ನು ದಾಟಿ ಮಂಜೂರಿಗೆ ಬರುವ ಹೊತ್ತಿಗೆ ಮಕ್ಕಳಿಬ್ಬರಿಗೂ ತಲೆಸುತ್ತು. ಹೊರಗೆ ಮಂಜು ಇಳಿದಿತ್ತು. ಸಂಜೆ ಅಪ್ಪ ವ್ಯಾಸಭಾರತದ ಗದ್ಯಾನುವಾದವನ್ನು ತೆಗೆದುಕೊಂಡು ಕುಳಿತರು. ವರ್ಷಗಳಿಂದ ಓದುತ್ತಿದ್ದ ಗ್ರಂಥದ ಕೊನೆಯ ಸಂಪುಟ ಅದು. ಹೊರಡುವ ಮುನ್ನ ಮುಗಿಸಬೇಕೆಂಬುದು ಅವರ ಹಠ. ಅಂದು ಬಂದದ್ದು ಆಶ್ರಮವಾಸಿಕ ಪರ್ವ. ಈ ಲೇಖನ ಹುಟ್ಟಿದ್ದು ಆ ಓದಿನಿಂದ.

ಕನ್ನಡ ಓದುಗರಿಗೆ ಈ ಪರ್ವದ ಪರಿಚಯ ಕಡಿಮೆ. ಕಾರಣ ಸ್ಪಷ್ಟ. ಪಂಪನ ವಿಕ್ರಮಾರ್ಜುನ ವಿಜಯ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ಲೇಖನಿಯಿಟ್ಟ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ಣಗೊಳಿಸಿದನೇನೋ ನಿಜ. ಆದರೆ ಗಮಕಿಗಳ ಕಂಠದಲ್ಲಿ ನಿಂತದ್ದು ಕುಮಾರವ್ಯಾಸನ ಹತ್ತು ಪರ್ವಗಳೇ. ಹೀಗಾಗಿ ಗೆದ್ದವರ ಮನೆಯೊಳಗೆ ಆಮೇಲೆ ಏನು ನಡೆಯಿತು, ಮುಪ್ಪಿನವರು ಹೇಗೆ ಬಾಳಿದರು, ಹೇಗೆ ಹೊರಟರು ಎಂಬುದು ನಮ್ಮ ಕಾವ್ಯಶ್ರವಣದ ಹೊರಗೇ ಉಳಿಯಿತು. ಇದೊಂದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಯುದ್ಧ ಮುಗಿದು ಹದಿನೈದು ವರ್ಷ ಧೃತರಾಷ್ಟ್ರ ಪಾಂಡವರ ಆಶ್ರಯದಲ್ಲಿದ್ದ. ಧರ್ಮರಾಯನ ಉಪಚಾರದಲ್ಲಿ ಕೊರತೆಯಿರಲಿಲ್ಲ. ಭೀಮ ಮಾತ್ರ ಮುದುಕನ ಕಿವಿಗೆ ಬೀಳುವಂತೆ ತನ್ನ ತೋಳುಗಳನ್ನು ಹೊಗಳಿಕೊಳ್ಳುತ್ತಿದ್ದ. ಈ ಮಾತು ಸಹಿಸಲಾರದೆ, ಗುಟ್ಟಾಗಿ ಉಪವಾಸ ಮಾಡಿ ಸೊರಗಿದ ಅರಸ ಕಾಡಿಗೆ ಹೋಗಲು ಅನುಮತಿ ಕೇಳುತ್ತಾನೆ. ಕೇಳುತ್ತಲೇ ಮೂರ್ಛೆ ಹೋಗುತ್ತಾನೆ. ಧರ್ಮರಾಯ ತಣ್ಣೀರಿನ ಕೈಯಿಂದ ಅವನ ಎದೆಯನ್ನೂ ಮುಖವನ್ನೂ ಸವರುತ್ತಾನೆ. ನೂರು ಮಕ್ಕಳನ್ನು ಕಳೆದುಕೊಂಡವನ ಎದೆಯ ಮೇಲೆ, ಆ ಸಾವುಗಳಿಗೆ ಕಾರಣನಾದವನ ಕೈ. ವ್ಯಾಸರು ಇದಕ್ಕೆ ಯಾವ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ.

ಹೊರಡುವ ಮೊದಲು ಮುದುಕನಿಗೆ ಒಂದು ಅಪೇಕ್ಷೆ: ಭೀಷ್ಮದ್ರೋಣರಿಗೂ ತನ್ನ ಮಕ್ಕಳಿಗೂ ಶ್ರಾದ್ಧ ಮಾಡಿ ದಾನ ಕೊಡಬೇಕು. ಇದಕ್ಕೆ ಹಣ ಬೇಕು. ಭೀಮ ಒಪ್ಪುವುದಿಲ್ಲ. ಭೀಷ್ಮರಿಗೆ ನಾವೇ ಮಾಡುತ್ತೇವೆ, ಕರ್ಣನಿಗೆ ಕುಂತಿ ಮಾಡುತ್ತಾಳೆ, ಇವನ ಮಕ್ಕಳಿಗೇಕೆ ಎಂಬುದು ಅವನ ವಾದ. ಅರ್ಜುನ ಸಮಾಧಾನ ಹೇಳುತ್ತಾನೆ. ಧರ್ಮರಾಯ ತನ್ನ ಮತ್ತು ಅರ್ಜುನನ ಸ್ವಂತ ಭಂಡಾರದಿಂದ ತೆಗೆದುಕೊಳ್ಳಿರೆಂದು ವಿದುರನ ಮೂಲಕ ಹೇಳಿಕಳಿಸುತ್ತಾನೆ. ಹಿರಿಯರು ಮನೆ ಬಿಡುವಾಗ ಅಣ್ಣತಮ್ಮಂದಿರ ನಡುವೆ ಹಣದ ಮಾತು ಹೇಗೆ ಎದ್ದು ಹೇಗೆ ಅಡಗುತ್ತದೆಂಬುದನ್ನು ಇಷ್ಟು ನಿಷ್ಠುರವಾಗಿ ಬರೆದ ಭಾಗ ಬೇರೆ ಕಡೆ ಅಪರೂಪ. (ಇದನ್ನು ಓದುವಾಗ ತಮ್ಮನೂ ನಾನೂ ಪರಸ್ಪರ ಮುಖ ನೋಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.) ಹತ್ತು ದಿನ ದಾನ ನಡೆಯುತ್ತದೆ. ಧೃತರಾಷ್ಟ್ರನ ನಿರ್ಗಮನಕ್ಕೆ ಹೀಗೆ ಒಂದು ಸಿದ್ಧತೆಯಿತ್ತು, ಒಂದು ಬೀಳ್ಕೊಡುಗೆಯಿತ್ತು.

ಕುಂತಿಗೆ ಅದಿಲ್ಲ. ಕಾರ್ತಿಕ ಹುಣ್ಣಿಮೆಯಂದು ಮೆರವಣಿಗೆ ಹೊರಟಾಗ ಅವಳು ಎಲ್ಲರ ಮುಂದೆ ನಡೆಯುತ್ತಾಳೆ. ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಕುರುಡ ಅರಸನ ಕೈ. ಊರ ಹೊರಗಿನವರೆಗೆ ಕಳಿಸಿ ತಾಯಿ ಹಿಂದಿರುಗುತ್ತಾಳೆಂದು ಮಕ್ಕಳು ತಿಳಿದಿದ್ದಾರೆ. ಅಲ್ಲಿ ಧರ್ಮರಾಯ ಮರಳು ಎಂದಾಗ ಅವಳು ನಡೆಯುವುದನ್ನು ನಿಲ್ಲಿಸದೆ, ಸಹದೇವನ ವಿಷಯದಲ್ಲಿ ಬೇಸರ ಮಾಡಬೇಡ, ಕರ್ಣನನ್ನು ಮರೆಯಬೇಡ, ದ್ರೌಪದಿಯ ಮನಸ್ಸು ನೋಯದಂತಿರು ಎಂದು ಒಂದೊಂದಾಗಿ ಒಪ್ಪಿಸತೊಡಗುತ್ತಾಳೆ. ಆಗಲೇ ಅವರಿಗೆ ತಿಳಿಯುವುದು. ಹೀಗೆ ಬಿಟ್ಟು ಹೋಗುವವಳು ನಮ್ಮನ್ನು ಯುದ್ಧಕ್ಕೇಕೆ ಹುರಿದುಂಬಿಸಿದೆ ಎಂದು ಭೀಮ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಮಕ್ಕಳು ತಲೆ ತಗ್ಗಿಸಿ ಬಾಳಬಾರದೆಂದು ಪ್ರೇರಿಸಿದೆನೇ ಹೊರತು, ಅವರು ಗೆದ್ದ ರಾಜ್ಯದ ಸುಖ ತನಗೆ ಬೇಡ. ಅತ್ತೆಮಾವಂದಿರ ಸ್ಥಾನದಲ್ಲಿರುವ ಇವರ ಸೇವೆಯೇ ತನಗೆ ತಪಸ್ಸು ಎಂದು ಅವಳ ಉತ್ತರ. ಧೃತರಾಷ್ಟ್ರನೂ ಗಾಂಧಾರಿಯೂ ಹೇಳಿದರೂ ಹಿಂದಿರುಗುವುದಿಲ್ಲ.

ಈ ಉತ್ತರದ ಘನತೆಯನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಮಾತ್ರ ಅದರಲ್ಲೊಂದು ಕಾಠಿಣ್ಯ ಕಾಣುತ್ತದೆ. ಹತ್ತು ದಿನ ಅರಮನೆಯಲ್ಲಿ ದಾನ ನಡೆಯುತ್ತಿದ್ದಾಗ ಅವಳು ಸುಮ್ಮನಿದ್ದಳು. ಆ ಹತ್ತು ದಿನ ಮಕ್ಕಳಿಗೆ ಸಿಕ್ಕಿದ್ದರೆ? ಒಂದು ಸಂಜೆ ತಾಯಿಯ ಬಳಿ ಕುಳಿತು ಕರ್ಣನ ಮಾತನ್ನು ಆಡಿ ಮುಗಿಸಬಹುದಿತ್ತು. ಹುಟ್ಟಿನ ಗುಟ್ಟನ್ನು ಯುದ್ಧ ಮುಗಿಯುವವರೆಗೆ ಮುಚ್ಚಿಟ್ಟವಳು ತನ್ನ ನಿರ್ಗಮನವನ್ನೂ ಕೊನೆಯ ಗಳಿಗೆಯವರೆಗೆ ಮುಚ್ಚಿಟ್ಟಳು. ವ್ಯಾಸರ ಪಾತ್ರಸೃಷ್ಟಿಯ ಒಳಸುಸಂಗತಿ ಇಲ್ಲಿದೆ. ತ್ಯಾಗದ ಹೊಗಳಿಕೆಯಲ್ಲಿ ಇದನ್ನು ನಾವು ಕಾಣದೆ ಹೋಗಬಾರದು.

ಆಧುನಿಕ ಕನ್ನಡದಲ್ಲಿ ಇದರೊಡನೆ ಇಟ್ಟು ನೋಡಬೇಕಾದ ಕೃತಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965). ನಾವು ನೀಲಗಿರಿಯವರು ಗೂಡಲೂರು, ಬಂಡೀಪುರ, ಗುಂಡ್ಲುಪೇಟೆಯ ದಾರಿಯಲ್ಲಿ ಮೈಸೂರಿಗೆ ಇಳಿಯುವಾಗ ಸಿಗುವ ನಂಜನಗೂಡೇ ಶ್ರೀನಿವಾಸ ಶ್ರೋತ್ರಿಯರ ಊರು. ತನ್ನ ಹುಟ್ಟಿನ ಸತ್ಯ ತಿಳಿದ ಮೇಲೆ ಶ್ರೋತ್ರಿ ಆಸ್ತಿಯ ಋಣ ಹರಿದುಕೊಂಡು ಸಂನ್ಯಾಸಕ್ಕೆ ಹೊರಡುತ್ತಾರೆ. ಆದರೆ ನೇರವಾಗಿ ಹೋಗುವುದಿಲ್ಲ. ಮನೆ ಬಿಟ್ಟುಹೋಗಿದ್ದ ಸೊಸೆ ಕಾತ್ಯಾಯನಿಯನ್ನು ನೋಡಲು ಮೈಸೂರಿಗೆ ಬರುತ್ತಾರೆ. ಅವಳು ಮರಣಶಯ್ಯೆಯಲ್ಲಿದ್ದಾಳೆ. ಮೊಮ್ಮಗ ಚೀನಿಯಿಂದ ತಾಯಿಯ ಬಾಯಿಗೆ ನೀರು ಬಿಡಿಸುತ್ತಾರೆ. ಕಾದಂಬರಿಯ ಧರ್ಮಚರ್ಚೆಗಳ ಬಗ್ಗೆ ಭಿನ್ನಾಭಿಪ್ರಾಯವಿರುವವರೂ, ನಾನೂ ಅವರಲ್ಲೊಬ್ಬ, ಈ ದೃಶ್ಯಕ್ಕೆ ಮಣಿಯುತ್ತೇವೆ. ಶ್ರೋತ್ರಿಯವರ ವೈರಾಗ್ಯ ನಂಬಿಕೆಗೆ ಅರ್ಹವಾಗುವುದು ಅವರು ಬಿಟ್ಟುಕೊಟ್ಟ ಹೊಲಗದ್ದೆಗಳಿಂದಲ್ಲ, ದಾರಿಯಲ್ಲಿ ನಿಂತ ಆ ಒಂದು ನಿಲುಗಡೆಯಿಂದ. ಕೊರತೆಯೆಂದರೆ, ಒಂದೇ ಸಲಕ್ಕೆ ಅಜ್ಜನನ್ನೂ ತಾಯಿಯನ್ನೂ ಕಳೆದುಕೊಳ್ಳುವ ಚೀನಿಯ ಮನಸ್ಸಿಗೆ ಲೇಖಕರು ಕೊಟ್ಟ ಪುಟಗಳು ಸಾಲವು. ಹೊರಡುವವರ ಅಂತರಂಗ ನಮ್ಮ ಸಾಹಿತ್ಯದಲ್ಲಿ ಸಮೃದ್ಧ. ಬಾಗಿಲಲ್ಲಿ ನಿಂತವರದು ಬಡವಾಗಿದೆ.

ವ್ಯಾಸರಿಗೆ ಬಾಗಿಲಲ್ಲಿ ನಿಂತವರ ನೆನಪಿತ್ತು. ಪಾಂಡವರಿಗೆ ರಾಜಕಾರ್ಯದಲ್ಲಿ ಮನಸ್ಸು ನಿಲ್ಲುವುದಿಲ್ಲ. ಎಲ್ಲರೂ ಕಾಡಿಗೆ ಹೊರಡುತ್ತಾರೆ. ಆಶ್ರಮಕ್ಕೆ ಬಂದರೆ ಹಿರಿಯರು ಯಮುನೆಗೆ ಹೋಗಿದ್ದಾರೆ. ದಾರಿಯಲ್ಲೇ ಎದುರಾಗುತ್ತಾರೆ. ಎಲ್ಲರಿಗಿಂತ ಮುಂದೆ ಓಡಿ ತಾಯಿಯ ಕಾಲು ಹಿಡಿದು ಗಟ್ಟಿಯಾಗಿ ಅಳುವವನು ಸಹದೇವ. ಅವಳು ಅವನನ್ನು ಎಬ್ಬಿಸಿ, ಸಹದೇವ ಬಂದಿದ್ದಾನೆಂದು ಗಾಂಧಾರಿಗೆ ಹೇಳುತ್ತಾಳೆ. ಆಮೇಲೆ ಮಕ್ಕಳು ಹಿರಿಯರ ಕೈಯಿಂದ ನೀರಿನ ಕೊಡಗಳನ್ನು ತಾವು ತೆಗೆದುಕೊಳ್ಳುತ್ತಾರೆ. ತಿಂಗಳಿಗೂ ಮೀರಿ ಅಲ್ಲಿರುತ್ತಾರೆ. ಅರಮನೆಯಲ್ಲಿ ಸಿಗದ ದಿನಗಳು ಅವರಿಗೆ ಸಿಕ್ಕಿದ್ದು ಅಲ್ಲಿ.

ಕುಂತಿಯ ಮೇಲಿನ ನನ್ನ ಆಕ್ಷೇಪವನ್ನು ಅಂದು ಮನೆಯಲ್ಲಿ ಹೇಳಿದೆ. ಅದರ ಹಿಂದೆ ನಮ್ಮ ದೂರೂ ಇತ್ತು: ಅಪ್ಪ ಅಮ್ಮ ಸೇವೆಗೆ ಹೆಸರು ಕೊಟ್ಟದ್ದು ನಮಗೆ ತಿಳಿದದ್ದು ಎಲ್ಲ ನಿಶ್ಚಯವಾದ ಮೇಲೆ. ಅಮ್ಮ ಅವರೆಕಾಳು ಬಿಡಿಸುತ್ತಿದ್ದವರು, “ಮೊದಲೇ ಹೇಳಿದ್ದರೆ ಸಹದೇವ ಬಿಡುತ್ತಿದ್ದನೇನಪ್ಪಾ? ಅವನು ಅತ್ತರೆ ಅವಳಿಗೆ ಹೆಜ್ಜೆ ಏಳುತ್ತಿತ್ತೇ?” ಎಂದರು. ಕುಂತಿ ನಡೆಯುತ್ತಲೇ ಮಾತಾಡಿದ್ದೇಕೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಹಾಗೆಂದು ಆಕ್ಷೇಪವನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲೂ ನನಗೆ ಮನಸ್ಸಿಲ್ಲ.

ಸಹದೇವ ಓಡಿಬರುವ ಭಾಗವನ್ನು ಅಮ್ಮ ಇನ್ನೊಮ್ಮೆ ಓದಿಸಿದರು. ಎರಡು ವರ್ಷಗಳ ಬಳಿಕ ನಾರದರು ಕಾಳ್ಗಿಚ್ಚಿನ ಸುದ್ದಿ ತರುವ ಅಧ್ಯಾಯ ಮುಂದಿತ್ತು. ಅಪ್ಪ ಅಲ್ಲಿಗೆ ಗುರುತು ಇಟ್ಟು ಪುಸ್ತಕ ಮುಚ್ಚಿದರು. ಅದು ಈಗಲೂ ಕಪಾಟಿನಲ್ಲಿ ಹಾಗೆಯೇ ಇದೆ.