ಮುಂದಿನ ಡೈನೋಸಾರ್‌ಗಾದರೂ ಗರಿ ಮೂಡೀತೇ?

ವಿಜ್ಞಾನ ಕಥಾಚಿತ್ರವೊಂದು ಜನಪ್ರಿಯವಾಯಿತೆಂದರೆ ಅದರ ಮುಂದಿನ ಭಾಗಕ್ಕಾಗಿ ಕಾಯುವ ಅಭಿಮಾನಿಗಳ ಬಳಗವೂ ಹುಟ್ಟಿಕೊಳ್ಳುತ್ತದೆ. ಕಥೆ ಹೇಗಿರಬೇಕು, ಹಳೆಯ ಪಾತ್ರಗಳಲ್ಲಿ ಯಾರು ಮರಳಬೇಕು ಎಂದೆಲ್ಲ ಅವರು ಚರ್ಚಿಸುತ್ತಾರೆ. ಆದರೆ 'ಜುರಾಸಿಕ್ ಪಾರ್ಕ್' ಸರಣಿಯ ಅಭಿಮಾನಿಗಳ ಚರ್ಚೆ ಇವೆಲ್ಲಕ್ಕಿಂತ ಬೇರೆ ಬಗೆಯದು. ಅವರ ಬೇಡಿಕೆಗಳ ಪಟ್ಟಿಯಲ್ಲಿ ನಟನಟಿಯರ ಹೆಸರುಗಳ ಜೊತೆಗೆ 'ಡೈನೋಸಾರ್‌ಗಳಿಗೆ ಗರಿ ಇರಬೇಕು' ಎಂಬುದೂ ಸೇರಿರುತ್ತದೆ! ಪಳೆಯುಳಿಕೆ ವಿಜ್ಞಾನದ ಒಂದು ಶೋಧ ಸಿನಿಮಾ ಅಭಿಮಾನಿಗಳ ಬೇಡಿಕೆಯಾಗುವುದು ಅಪರೂಪದ ಸಂಗತಿಯಲ್ಲವೇ?

1993ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶಿಸಿದ ಚಿತ್ರದಿಂದ ಆರಂಭವಾದ ಈ ಸರಣಿಯ ಏಳನೆಯ ಚಿತ್ರ 'ಜುರಾಸಿಕ್ ವರ್ಲ್ಡ್: ರೀಬರ್ತ್' 2025ರಲ್ಲಿ ತೆರೆಕಂಡಿತು. ಪ್ರತಿ ಚಿತ್ರಕ್ಕೆ ಮೊದಲು ಇದೇ ಆಸೆ; ಅನಂತರ ಅರ್ಧ ಸಂತೋಷ, ಅರ್ಧ ನಿರಾಸೆ. ಈ ಆಸೆ ನ್ಯಾಯವಾದುದೇ? ಚಿತ್ರಗಳು ಅದಕ್ಕೆ ಸ್ಪಂದಿಸಿದ ರೀತಿ ಸರಿಯೇ? ವಿಜ್ಞಾನ ಕಲಿಸುವವರೂ ಕಲಿಯುವವರೂ ಇದನ್ನು ಪರಿಶೀಲಿಸಬೇಕು. ಏಕೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಡೈನೋಸಾರ್‌ನ ಪರಿಚಯ ಮೊದಲು ಆಗುವುದು ಪಠ್ಯಪುಸ್ತಕದಿಂದಲ್ಲ, ತೆರೆಯಿಂದ.

ಮೊದಲ ಚಿತ್ರದ ಹಿರಿಮೆ

ಮೊದಲ ಚಿತ್ರಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸೋಣ. ಅದಕ್ಕಿಂತ ಹಿಂದಿನ ಪುಸ್ತಕಗಳ ಡೈನೋಸಾರ್‌ಗಳು ಬಾಲವನ್ನು ನೆಲಕ್ಕೆ ಎಳೆಯುತ್ತ ನಡೆಯುವ ಮಂದ ಪ್ರಾಣಿಗಳು, ಭಾರೀ ಗಾತ್ರದ ಹಲ್ಲಿಗಳು. 1960ರ ದಶಕದ ಕೊನೆಯಿಂದ ವಿಜ್ಞಾನಿಗಳ ಅಭಿಪ್ರಾಯ ಬದಲಾಗತೊಡಗಿತ್ತು. ಇವು ಚುರುಕಾದ ಪ್ರಾಣಿಗಳು, ಇಂದಿನ ಹಕ್ಕಿಗಳ ಹತ್ತಿರದ ಬಂಧುಗಳು ಎಂಬುದಕ್ಕೆ ಸಾಕ್ಷ್ಯಗಳು ಸೇರುತ್ತಿದ್ದವು. ಪಳೆಯುಳಿಕೆ ತಜ್ಞ ಜ್ಯಾಕ್ ಹಾರ್ನರ್ ಅವರ ಸಲಹೆ ಪಡೆದು ತಯಾರಾದ ಚಿತ್ರ ಈ ಹೊಸ ತಿಳಿವಳಿಕೆಯನ್ನೇ ತೆರೆಗೆ ತಂದಿತು. ಅಲ್ಲಿಯ ಟೈರನೋಸಾರಸ್ ರೆಕ್ಸ್ ಬಾಲವನ್ನು ನೆಲದಿಂದ ಮೇಲೆತ್ತಿ, ಬೆನ್ನನ್ನು ಅಡ್ಡಲಾಗಿ ಹಿಡಿದು ನಡೆಯಿತು. ಚಿತ್ರದ ಕೊನೆಯಲ್ಲಿ ನಾಯಕ ಹೆಲಿಕಾಪ್ಟರಿನ ಕಿಟಕಿಯಿಂದ ಹಾರುವ ಪೆಲಿಕನ್‌ಗಳನ್ನು ನೋಡುತ್ತಾನೆ. ಡೈನೋಸಾರ್‌ಗಳ ವಂಶ ಪೂರ್ತಿ ಅಳಿದಿಲ್ಲವೆಂದು ಮಾತಿಲ್ಲದೆ ಹೇಳುವ ದೃಶ್ಯ ಅದು.

ತಪ್ಪುಗಳು ಆಗಲೂ ಇದ್ದವು. ವೆಲಾಸಿರಾಪ್ಟರ್ ನಿಜದಲ್ಲಿ ಟರ್ಕಿ ಕೋಳಿಯಷ್ಟು ಎತ್ತರದ, 15ರಿಂದ 20 ಕಿಲೋಗ್ರಾಂ ತೂಕದ ಪ್ರಾಣಿ. ಚಿತ್ರದಲ್ಲಿ ಅದು ಆಳೆತ್ತರ! ಡೈಲೋಫೋಸಾರಸ್ ವಿಷ ಉಗುಳುತ್ತಿತ್ತೆಂಬುದಕ್ಕೂ ಕೊರಳ ಸುತ್ತ ಕೊಡೆಯಂತೆ ಚರ್ಮ ಬಿಚ್ಚುತ್ತಿತ್ತೆಂಬುದಕ್ಕೂ ಆಧಾರವಿಲ್ಲ. ಟಿ. ರೆಕ್ಸ್ ಗಂಟೆಗೆ 51 ಕಿಲೋಮೀಟರ್ ವೇಗದಲ್ಲಿ ಓಡುತ್ತದೆಂದು ಒಂದು ಪಾತ್ರ ಹೇಳುತ್ತದೆ. ಅದರ ಕಾಲಿನ ಸ್ನಾಯುಗಳ ಲೆಕ್ಕ ಹಾಕಿದ 2002ರ ಅಧ್ಯಯನವು ಗಂಟೆಗೆ 40 ಕಿಲೋಮೀಟರ್ ಮೀರುವುದು ಅದಕ್ಕೆ ಸಾಧ್ಯವಿರಲಿಲ್ಲವೆಂದು ತೋರಿಸಿತು. ಹೆಸರಿನಲ್ಲೇ ಒಂದು ಎಡವಟ್ಟಿದೆ. ಟಿ. ರೆಕ್ಸ್, ವೆಲಾಸಿರಾಪ್ಟರ್, ಟ್ರೈಸೆರಟಾಪ್ಸ್ ಇವೆಲ್ಲ ಬದುಕಿದ್ದದ್ದು ಜುರಾಸಿಕ್ ಯುಗದಲ್ಲಲ್ಲ, ಅನಂತರದ ಕ್ರಿಟೇಷಿಯಸ್ ಯುಗದಲ್ಲಿ. ಇಷ್ಟಿದ್ದರೂ ಡೈನೋಸಾರ್ ಎಂಬ ಜೀವಿಯ ಒಟ್ಟು ಕಲ್ಪನೆಯಲ್ಲಿ ಆ ಚಿತ್ರ ಅಂದಿನ ವಿಜ್ಞಾನದ ಜೊತೆಗಿತ್ತು. ಎಷ್ಟೋ ಪುಸ್ತಕಗಳಿಗಿಂತ ಮುಂದೆಯೇ ಇತ್ತು.

ಗರಿಗಳು ಸಿಕ್ಕವು, ತೆರೆಗೆ ಬರಲಿಲ್ಲ

ಚಿತ್ರ ಬಂದ ಮೂರೇ ವರ್ಷಕ್ಕೆ, 1996ರಲ್ಲಿ, ಚೀನಾದ ಲಿಯಾವೊನಿಂಗ್ ಪ್ರಾಂತದಿಂದ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಪಳೆಯುಳಿಕೆ ಬೆಳಕಿಗೆ ಬಂತು. ಅದರ ಬೆನ್ನು, ಬಾಲಗಳ ಉದ್ದಕ್ಕೂ ತುಪ್ಪುಳಿನಂಥ ಎಳೆಗಳ ಅಚ್ಚು ಉಳಿದಿತ್ತು. ಅನಂತರ ಗರಿಯುಳ್ಳ ಡೈನೋಸಾರ್‌ಗಳು ಒಂದರ ಹಿಂದೊಂದು ದೊರೆತವು. 2007ರಲ್ಲಿ ಮಂಗೋಲಿಯಾದ ವೆಲಾಸಿರಾಪ್ಟರ್ ಒಂದರ ಮುಂಗೈ ಮೂಳೆಯ ಮೇಲೆ ಸಾಲಾಗಿ ಸಣ್ಣ ಗುಬುಟುಗಳು ಕಂಡವು. ಅನೇಕ ಹಕ್ಕಿಗಳ ರೆಕ್ಕೆ ಮೂಳೆಯಲ್ಲಿ ಗರಿಗಳ ಬುಡ ಅಂಟಿಕೊಳ್ಳುವ ಜಾಗದಲ್ಲಿ ಇಂಥವೇ ಗುಬುಟುಗಳಿರುತ್ತವೆ. ಚಿತ್ರದ ಅಡುಗೆಮನೆಯಲ್ಲಿ ಮಕ್ಕಳನ್ನು ಬೆದರಿಸಿದ ಆ ಪ್ರಾಣಿಗೆ ನಿಜದಲ್ಲಿ ಗರಿಗಳಿದ್ದವು! 2010ರಲ್ಲಿ ಇನ್ನೂ ಮುಂದಕ್ಕೆ ಹೋಗಿ, ಎಳೆಗಳಲ್ಲಿ ಉಳಿದಿದ್ದ ವರ್ಣಕಣಗಳ ಆಕಾರ ನೋಡಿ, ಸೈನೋಸಾರಾಪ್ಟೆರಿಕ್ಸ್‌ನ ಬಾಲದ ಮೇಲೆ ಕೆಂಗಂದು ಪಟ್ಟೆಗಳಿದ್ದವೆಂದು ವಿಜ್ಞಾನಿಗಳು ತಿಳಿಸಿದರು.

ಸರಣಿ ಏನು ಮಾಡಿತು? 2001ರ ಮೂರನೆಯ ಚಿತ್ರದಲ್ಲಿ ಗಂಡು ರಾಪ್ಟರ್‌ಗಳ ತಲೆಯ ಹಿಂದೆ ನಾಲ್ಕಾರು ಕಡ್ಡಿಗಳಂಥ ಪುಕ್ಕ ಮೂಡಿದವು. ನಾಲ್ಕನೆಯ ಚಿತ್ರಕ್ಕಾಗಿ ಅಭಿಮಾನಿಗಳು ಕಾಯುತ್ತಿದ್ದಾಗ, 2013ರಲ್ಲಿ, ನಿರ್ದೇಶಕ ಕಾಲಿನ್ ಟ್ರೆವೊರೊ ಗರಿಗಳು ಇರುವುದಿಲ್ಲವೆಂದು ಚುಟುಕಾಗಿ ಸಾರಿಬಿಟ್ಟರು. 2015ರ 'ಜುರಾಸಿಕ್ ವರ್ಲ್ಡ್'ನಲ್ಲಿ ಹಾಗೆಯೇ ಆಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಪ್ರೇಕ್ಷಕರ ಮನಸ್ಸಿನಲ್ಲಿ ಹಳೆಯ ರೂಪ ಬೇರೂರಿತ್ತು; ಅದನ್ನು ಕದಲಿಸುವ ಧೈರ್ಯ ಸಾಲಲಿಲ್ಲ. ಮೊದಲ ಚಿತ್ರ ವಿಜ್ಞಾನವನ್ನು ಹಿಂಬಾಲಿಸಿತ್ತು. ಮುಂದಿನವು ಮೊದಲ ಚಿತ್ರವನ್ನು ಹಿಂಬಾಲಿಸಿದವು. ಈ ಸರಣಿಯ ಮೇಲಿನ ನನ್ನ ಮುಖ್ಯ ಆಕ್ಷೇಪ ಇದು.

2022ರ 'ಡೊಮಿನಿಯನ್'ನಲ್ಲಿ ಕೊನೆಗೂ ಗರಿಯುಳ್ಳ ಪೈರೊರಾಪ್ಟರ್ ಕಾಣಿಸಿಕೊಂಡಿತು. ಆ ಚಿತ್ರಕ್ಕಾಗಿ ತಯಾರಿಸಿದ ಪೀಠಿಕಾ ದೃಶ್ಯದಲ್ಲಿ ಟಿ. ರೆಕ್ಸ್‌ಗೂ ತೆಳುವಾದ ಗರಿಗಳಿದ್ದವು. ಅಭಿಮಾನಿಗಳು ಹಿಗ್ಗಿದರು. ಆದರೆ ಅದೇ ದೃಶ್ಯದಲ್ಲಿ ಟಿ. ರೆಕ್ಸನ್ನು ಜೈಗನೋಟೊಸಾರಸ್ ಕಾದಾಡಿ ಕೊಲ್ಲುತ್ತದೆ. ಜೈಗನೋಟೊಸಾರಸ್ ದಕ್ಷಿಣ ಅಮೆರಿಕದ್ದು, ಟಿ. ರೆಕ್ಸ್ ಉತ್ತರ ಅಮೆರಿಕದ್ದು. ಎರಡರ ನಡುವೆ ಸುಮಾರು ಮೂರು ಕೋಟಿ ವರ್ಷಗಳ ಅಂತರ! ಹೊರಗಿನ ಉಡುಪನ್ನು ಸರಿಪಡಿಸಿದವರು ಕಾಲದೇಶಗಳನ್ನೇ ಮರೆತರು.

ಅಭಿಮಾನಿಗಳ ಅತ್ಯುತ್ಸಾಹ

ಅಭಿಮಾನಿಗಳು ಹೇಳಿದ್ದೆಲ್ಲ ಸರಿಯೆಂದೂ ತಿಳಿಯಬಾರದು. 2012ರಲ್ಲಿ ಚೀನಾದಿಂದ ಯುಟೈರನಸ್ ವರದಿಯಾಯಿತು. ಟಿ. ರೆಕ್ಸ್‌ನ ದೂರದ ನೆಂಟ; ಒಂಬತ್ತು ಮೀಟರ್ ಉದ್ದ, ಸುಮಾರು 1,400 ಕಿಲೋಗ್ರಾಂ ತೂಕ, ಮೈಮೇಲೆ ಉದ್ದನೆಯ ತುಪ್ಪುಳು. ನೆಂಟನಿಗೆ ಇದ್ದ ಮೇಲೆ ಟಿ. ರೆಕ್ಸ್‌ಗೂ ಮೈತುಂಬ ಗರಿ ಇರಲೇಬೇಕೆಂದು ಅನೇಕರು ವಾದಿಸಿದರು. 2017ರಲ್ಲಿ ಟಿ. ರೆಕ್ಸ್‌ನ ಕತ್ತು, ಸೊಂಟ, ಬಾಲದ ಭಾಗಗಳ ಚರ್ಮದ ಅಚ್ಚುಗಳನ್ನು ಪರೀಕ್ಷಿಸಿದಾಗ ಅಲ್ಲಿ ಕಂಡದ್ದು ಸಣ್ಣ ಸಣ್ಣ ಹುರುಪೆಗಳು. ಗರಿಗಳಿದ್ದಿದ್ದರೆ ಬೆನ್ನಿನ ಮೇಲೆ ಮಾತ್ರ ಇದ್ದಿರಬಹುದೆಂಬುದು ಆ ಅಧ್ಯಯನದ ತೀರ್ಮಾನ. ಯುಟೈರನಸ್ ಬಾಳಿದ್ದು ತಂಪು ಹವೆಯಲ್ಲಿ ಎಂಬುದನ್ನೂ, ಮೈ ದೊಡ್ಡದಾದಂತೆ ಶಾಖ ಹೊರಹೋಗುವುದು ಕಷ್ಟ ಎಂಬುದನ್ನೂ ಇಲ್ಲಿ ನೆನೆಯಬೇಕು. 'ಬಂಧುತ್ವ ಇದ್ದರೆ ಲಕ್ಷಣವೂ ಇರಬಹುದು' ಎಂಬುದು ಊಹೆ. 'ಇದೆ' ಎನ್ನಲು ಅಚ್ಚು ಬೇಕು.

ಎಲ್ಲ ತಪ್ಪಿಗೂ ಒಂದೇ ಮದ್ದು

2015ರ ಚಿತ್ರದಲ್ಲಿ ತಳಿವಿಜ್ಞಾನಿ ಡಾ. ಹೆನ್ರಿ ವೂ ಒಂದು ಸಮಜಾಯಿಷಿ ಕೊಡುತ್ತಾನೆ. ಇಲ್ಲಿಯ ಪ್ರಾಣಿಗಳು ಯಾವುವೂ ಸಹಜವಲ್ಲ. ಡಿಎನ್‌ಎಯ ಖಾಲಿ ಜಾಗಗಳನ್ನು ಬೇರೆ ಪ್ರಾಣಿಗಳ ಡಿಎನ್‌ಎಯಿಂದ ತುಂಬಿದ್ದೇವೆ. ಶುದ್ಧವಾಗಿದ್ದರೆ ಇವುಗಳ ರೂಪ ಬೇರೆಯೇ ಇರುತ್ತಿತ್ತು ಎಂಬುದು ಅವನ ಮಾತಿನ ಸಾರ. ಮೇಲುನೋಟಕ್ಕೆ ಇದು ಪ್ರಾಮಾಣಿಕ ಒಪ್ಪಿಗೆ. ಆದರೆ ಇದರ ಪರಿಣಾಮ ನೋಡಿ. ಗಾತ್ರ ತಪ್ಪೇ? ಖಾಲಿ ಜಾಗ ತುಂಬಿದ್ದರಿಂದ. ಗರಿ ಇಲ್ಲವೇ? ಅದರಿಂದಲೇ. ಎಲ್ಲ ತಪ್ಪಿಗೂ ಒಂದೇ ವಿವರಣೆ ಸಲ್ಲುವುದಾದರೆ ಅದು ಯಾವುದನ್ನೂ ವಿವರಿಸಿದಂತಾಗುವುದಿಲ್ಲ. ಪರೀಕ್ಷೆಗೆ ಸಿಗದ ಮಾತು ವಿಜ್ಞಾನವಾಗದು ಎಂದು ನಾವು ತರಗತಿಯಲ್ಲಿ ಹೇಳುತ್ತೇವಲ್ಲವೇ? ಅದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಅಷ್ಟಕ್ಕೂ ಡಿಎನ್‌ಎಯಲ್ಲಿ ಇರುವುದು ಬರಿಯ ಖಾಲಿ ಜಾಗಗಳೇ? ಮೊದಲ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 1993ರ ಜೂನ್ 11ರಂದು. ಅದರ ಹಿಂದಿನ ದಿನವೇ, 12 ಕೋಟಿ ವರ್ಷಕ್ಕೂ ಹಳೆಯ ಅಂಬರ್‌ನಲ್ಲಿ, ಅಂದರೆ ಕಲ್ಲಾದ ಮರದಂಟಿನಲ್ಲಿ, ಸಿಲುಕಿದ್ದ ಮೂತಿಹುಳುವಿನ ಡಿಎನ್‌ಎ ದೊರೆತಿದೆಯೆಂಬ ವರದಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅಂಬರ್ ಕೀಟಗಳ ಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಅಂಥ ಫಲಿತಾಂಶ ಮರುಕಳಿಸಲಿಲ್ಲ. 2012ರಲ್ಲಿ ನ್ಯೂಜಿಲೆಂಡಿನ ಅಳಿದುಹೋದ ಮೋವಾ ಹಕ್ಕಿಯ ಮೂಳೆಗಳನ್ನು ಆಧರಿಸಿ ಡಿಎನ್‌ಎಯ ಅರ್ಧಾಯುವನ್ನು ಲೆಕ್ಕ ಹಾಕಿದರು. ಸರಾಸರಿ 13.1 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, 242 ಪ್ರತ್ಯಾಮ್ಲ ಜೋಡಿಗಳ ತುಣುಕಿಗೆ 521 ವರ್ಷ.

ಈ ಲೆಕ್ಕವನ್ನು ನೀವೇ ಮುಂದುವರಿಸಿ. ಹತ್ತು ಅರ್ಧಾಯುಗಳಲ್ಲಿ, ಅಂದರೆ 5,210 ವರ್ಷಗಳಲ್ಲಿ, ಉಳಿಯುವುದು 1,024ರಲ್ಲಿ ಒಂದು ಭಾಗ. ಒಂದು ಮೋಲ್‌ನಷ್ಟು, ಅಂದರೆ ಆವೊಗ್ಯಾಡ್ರೊ ಸಂಖ್ಯೆಯಷ್ಟು, ತುಣುಕುಗಳಿಂದ ಆರಂಭಿಸಿದರೂ 79 ಅರ್ಧಾಯುಗಳು ಕಳೆದಾಗ ಉಳಿಯುವುದು ಸುಮಾರು ಒಂದೇ ಒಂದು ತುಣುಕು. ಅದಕ್ಕೆ ಹಿಡಿಯುವ ಕಾಲ 41,159 ವರ್ಷ. ಕೊನೆಯ ಟಿ. ರೆಕ್ಸ್ ಸತ್ತು 6.6 ಕೋಟಿ ವರ್ಷಗಳಾಗಿವೆ. ಅಂದರೆ ಅದರ 1,600 ಪಟ್ಟು! ಚಳಿ ಹೆಚ್ಚಿದ್ದಲ್ಲಿ ಡಿಎನ್‌ಎ ನಿಧಾನವಾಗಿ ಒಡೆಯುತ್ತದೆ, ನಿಜ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ 20 ಲಕ್ಷ ವರ್ಷ ಹಳೆಯ ಡಿಎನ್‌ಎ ದೊರೆತದ್ದನ್ನು 2022ರಲ್ಲಿ ವರದಿ ಮಾಡಿದರು. ಆದರೆ -5 ಡಿಗ್ರಿಯಲ್ಲಿಯೂ 68 ಲಕ್ಷ ವರ್ಷಗಳಾಚೆಗೆ ಒಂದು ಬಂಧವೂ ಉಳಿಯದೆಂಬುದು 2012ರ ಅದೇ ಅಧ್ಯಯನದ ಅಂದಾಜು. ಅದರಂತೆ ಡೈನೋಸಾರ್‌ನ ಜಾತಕದಲ್ಲಿ ಅಲ್ಲಲ್ಲಿ ಸಾಲು ಅಳಿಸಿಹೋಗಿರುವುದಲ್ಲ. ಓದಲು ಹಾಳೆಯೇ ಉಳಿದಿಲ್ಲ.

ಜಬಲ್ಪುರದ ಮೂಳೆ, ಹಾಲಿವುಡ್ಡಿನ ಹೆಸರು

2025ರ 'ರೀಬರ್ತ್'ನಲ್ಲಿ ನೆಲ, ನೀರು, ಗಾಳಿಗಳ ಮೂರು ಭಾರೀ ಪ್ರಾಣಿಗಳ ರಕ್ತ ಸಂಗ್ರಹಿಸಿ ಹೃದ್ರೋಗಕ್ಕೆ ಔಷಧ ತಯಾರಿಸುವ ಯೋಜನೆಯೇ ಕಥೆ. ನೆಲದ ಪ್ರಾಣಿಯ ಹೆಸರು ಟೈಟನೋಸಾರಸ್. ಈ ಹೆಸರಿಗೂ ನಮ್ಮ ದೇಶಕ್ಕೂ ನಂಟಿದೆ. 1828ರಲ್ಲಿ ಜಬಲ್ಪುರದ ಬಳಿ ಕ್ಯಾಪ್ಟನ್ ಸ್ಲೀಮನ್ ಹೆಕ್ಕಿದ ಬಾಲದ ಮೂಳೆಗಳಿಗೆ 1877ರಲ್ಲಿ ರಿಚರ್ಡ್ ಲೈಡೆಕರ್ ಇಟ್ಟ ಹೆಸರು ಟೈಟನೋಸಾರಸ್ ಇಂಡಿಕಸ್. ಅಂಥ ಬಾಲದ ಮೂಳೆಗಳು ಅನೇಕ ಜಾತಿಗಳಲ್ಲಿ ಇರುವುದರಿಂದ ಅದೊಂದು ಪ್ರತ್ಯೇಕ ಪ್ರಾಣಿಯೆಂದು ಗುರುತಿಸಲಾಗದೆಂದು 2003ರಲ್ಲಿ ತಜ್ಞರು ಆ ಹೆಸರನ್ನು ಸಂದೇಹಾಸ್ಪದ ಪಟ್ಟಿಗೆ ಸೇರಿಸಿದರು. ಒಂದೆರಡು ಮೂಳೆಗಳಿಂದ ಹುಟ್ಟಿ ಶಾಸ್ತ್ರದಲ್ಲಿ ನೆಲೆ ಕಳೆದುಕೊಂಡ ಹೆಸರಿಗೆ ತೆರೆಯ ಮೇಲೆ ತಲೆ, ಕತ್ತು, ಚರ್ಮ, ಬಣ್ಣ ಎಲ್ಲವೂ ದೊರೆತಿವೆ!

ಇದೇ ಚಿತ್ರದಲ್ಲಿ ಒಂದು ಒಳ್ಳೆಯ ಅಂಶವೂ ಇದೆ. 2001ರ ಚಿತ್ರದಲ್ಲಿ ಕಾಡಿನಲ್ಲಿ ಅಟ್ಟಿಸಿಕೊಂಡು ಬಂದಿದ್ದ ಸ್ಪೈನೋಸಾರಸ್ ಇಲ್ಲಿ ನೀರಿಗಿಳಿದಿದೆ. 2014ರ ಮೂಳೆಗಳು, 2020ರಲ್ಲಿ ವರದಿಯಾದ ಹುಟ್ಟಿನಂಥ ಬಾಲ ಇವನ್ನು ನೋಡಿ ಮಾಡಿದ ಬದಲಾವಣೆಯಿದು. ಆ ಪ್ರಾಣಿ ಈಜುಗಾರನೋ ಅಥವಾ ದಡದಲ್ಲಿ ನಿಂತು ಮೀನು ಹಿಡಿಯುತ್ತಿತ್ತೋ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೂ ಹಳೆಯ ರೂಪವನ್ನು ಹೊಸ ಸಾಕ್ಷ್ಯಕ್ಕೆ ಒಪ್ಪಿಸುವುದು ಸಾಧ್ಯ, ಅದರಿಂದ ರೋಚಕತೆಗೆ ಕುಂದಿಲ್ಲ ಎಂಬುದನ್ನು ಇದು ತೋರಿಸಿತು.

'ಸಿನಿಮಾ ತಾನೇ?' ಎನ್ನುವವರಿಗೆ

'ಮನರಂಜನೆಗೆ ಇಷ್ಟೊಂದು ತಕರಾರೇಕೆ?' ಎಂದು ನೀವು ಕೇಳಬಹುದು. ಸತ್ತ ಡೈನೋಸಾರ್ ಎದ್ದು ಬರುವ ಮೂಲ ಕಲ್ಪನೆಯನ್ನು ನಾವು ಒಪ್ಪಿಯೇ ಚಿತ್ರಮಂದಿರಕ್ಕೆ ಹೋಗುತ್ತೇವೆ. ಅದರ ಬಗ್ಗೆ ಜಗಳವಿಲ್ಲ. ವಿಜ್ಞಾನ ಕಥೆಗೆ ಒಂದು ಅಸಾಧ್ಯವನ್ನು ಬೇಡುವ ಹಕ್ಕಿದೆ. ಉಳಿದುದರಲ್ಲಿ ಅದು ಲೋಕನಿಯಮಕ್ಕೆ ಬದ್ಧವಾಗಿರಲಿ ಎಂಬುದಷ್ಟೇ ಅಪೇಕ್ಷೆ.

ತೆರೆಯಿಂದಾಚೆಗೂ ಇದರ ಪರಿಣಾಮವಿದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕಲೋಸಲ್ ಬಯೋಸೈನ್ಸಸ್ ಕಂಪನಿ, ಹತ್ತು ಸಾವಿರ ವರ್ಷಗಳ ಹಿಂದೆ ಅಳಿದ 'ಡೈರ್ ತೋಳ'ವನ್ನು ಮರಳಿ ತಂದಿದ್ದೇವೆಂದು ಸಾರಿತು. ಅಲ್ಲಿ ನಡೆದದ್ದು ಬೂದು ತೋಳದ 14 ಜೀನ್‌ಗಳಲ್ಲಿ 20 ತಿದ್ದುಪಡಿ. ಮರಿಗಳು ತಿದ್ದಿದ ಬೂದು ತೋಳಗಳೇ ಎಂದು ಹಲವು ವಿಜ್ಞಾನಿಗಳು ಹೇಳಿದರು. ಖಾಲಿ ಜಾಗ ತುಂಬಿದರೆ ಹಳೆಯ ಪ್ರಾಣಿ ಎದ್ದು ಬರುತ್ತದೆಂದು ಚಿತ್ರದಿಂದ ಕಲಿತವನಿಗೆ ಈ ವ್ಯತ್ಯಾಸ ಕಾಣುವುದು ಸುಲಭವಲ್ಲ. ಅಳಿದ ಜೀವಿಯನ್ನು ಬೇಕೆಂದಾಗ ತರಬಹುದು ಎಂಬ ನಂಬಿಕೆ ಬಲಿತರೆ, ಇಂದು ಅಳಿವಿನಂಚಿನಲ್ಲಿರುವ ನಮ್ಮ ಎರ್ಲಡ್ಡು ಹಕ್ಕಿಯನ್ನೋ ಸಿಂಗಳೀಕವನ್ನೋ ಉಳಿಸುವ ಆತುರ ಯಾರಿಗೆ ಇದ್ದೀತು?

ಆದ್ದರಿಂದ ಅಭಿಮಾನಿಗಳ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಗರಿ ಬೇಕೆಂದು ಹಟ ಹಿಡಿದವರು ಪಳೆಯುಳಿಕೆಯ ವರದಿಗಳನ್ನು ಓದಿದ್ದಾರೆ, ಸಾಕ್ಷ್ಯ ಕೇಳಲು ಕಲಿತಿದ್ದಾರೆ. ಅವರ ಆಸೆ ಇನ್ನೊಂದು ಹೆಜ್ಜೆ ಮುಂದೆ ಹೋಗಲಿ. ಮುಂದಿನ ಚಿತ್ರದ ಡೈನೋಸಾರ್‌ಗೆ ಗರಿ ಇದ್ದರಷ್ಟೇ ಸಾಲದು. ಆ ಚಿತ್ರದ ವಿಜ್ಞಾನಿಗೆ 'ನಾವು ಹಿಂದೆ ತಿಳಿದದ್ದು ತಪ್ಪು, ಈ ಸಾಕ್ಷ್ಯದಿಂದ ಅದು ಗೊತ್ತಾಯಿತು' ಎನ್ನುವ ಒಂದು ಸನ್ನಿವೇಶ ಬೇಕು. ಮೂವತ್ತು ವರ್ಷಗಳಲ್ಲಿ ಡೈನೋಸಾರ್‌ನ ಚಿತ್ರ ಬದಲಾದ ರೋಚಕ ಕಥೆ ಈ ಸರಣಿಯಲ್ಲಿ ಇನ್ನೂ ಬಂದೇ ಇಲ್ಲ.

ಶಿಕ್ಷಕರು ಅದಕ್ಕಾಗಿ ಕಾಯಬೇಕಾಗಿಲ್ಲ. ಮೊದಲ ಚಿತ್ರದ ರಾಪ್ಟರ್‌ನ ಪಟವನ್ನೂ ಇಂದಿನ ಪುಸ್ತಕದ ಗರಿಯುಳ್ಳ ವೆಲಾಸಿರಾಪ್ಟರ್‌ನ ಪಟವನ್ನೂ ಅಕ್ಕಪಕ್ಕ ಇಟ್ಟು, 'ಈ ಬದಲಾವಣೆಗೆ ಯಾವ ಮೂಳೆ ಕಾರಣ?' ಎಂದು ಕೇಳಿ. ಮನೆಯಲ್ಲಿ ಕೋಳಿ ಇರುವ ಮಕ್ಕಳಿಗೆ ಅದರ ಕಾಲಿನ ಹುರುಪೆಗಳನ್ನೂ ಮೈಮೇಲಿನ ಗರಿಗಳನ್ನೂ ನೋಡಿಬರಲು ಹೇಳಿ. ಹುರುಪೆ, ಗರಿ ಎರಡೂ ಒಂದೇ ಮೈಮೇಲೆ ಇರಬಲ್ಲವೆಂಬುದು ಆಗ ಅವರಿಗೇ ತಿಳಿಯುತ್ತದೆ.