ಲಗ್ನಪತ್ರಿಕೆಯ ಗದ್ಯವೂ ಅಚ್ಚಿನ ಮೊಳೆಯೂ

ಕಾವ್ಯ, ಶಾಸ್ತ್ರ, ಶಾಸನಗಳ ಗದ್ಯವನ್ನು ವಿದ್ವಾಂಸರು ಬಹುಕಾಲದಿಂದ ವಿಮರ್ಶಿಸುತ್ತ ಬಂದಿದ್ದಾರೆ. ಆದರೆ ಗೃಹಸ್ಥರ ಮನೆಗೆ ವರ್ಷಕ್ಕೆ ಹಲವು ಸಲ ಬರುವ ಲಗ್ನಪತ್ರಿಕೆಯ ಗದ್ಯವು ಅವರ ಗಮನವನ್ನು ಅಷ್ಟಾಗಿ ಸೆಳೆದಂತಿಲ್ಲ. ಮೊಳೆಯಚ್ಚಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂತಹ ಊರುಗಳ ಸಣ್ಣ ಅಚ್ಚುಕೂಟಕ್ಕೆ ಗ್ರಂಥಮುದ್ರಣವು ಅಪರೂಪ. ಲಗ್ನಪತ್ರಿಕೆ, ರಶೀದಿ ಪುಸ್ತಕ, ಕರಪತ್ರಗಳೇ ಜೀವನಾಧಾರ. ಈ ಗದ್ಯದ ಗುಣದೋಷಗಳೆರಡೂ ಮೊಳೆಯಿಂದಲೇ ಬಹುಮಟ್ಟಿಗೆ ರೂಪುಗೊಂಡವೆಂಬುದು ಇಲ್ಲಿನ ಪ್ರತಿಪಾದ್ಯ.

ಈ ಗದ್ಯದ ಮೂಲವು ಅರ್ವಾಚೀನವಲ್ಲ. 1898ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಸೇರಿವೆ; ಕೃಷ್ಣರಾಜನಗರದ ಭಾಗವು ಅಲ್ಲಿ ಯಡತೊರೆಯೆಂಬ ಹಳೆಯ ಹೆಸರಿನಲ್ಲಿದೆ. ವಿಜಯನಗರದ ಕಾಲದಿಂದೀಚಿನ ದಾನಶಾಸನಗಳಲ್ಲಿ ಮೊದಲು ಸ್ವಸ್ತಿವಾಚನ, ಬಳಿಕ ಶಾಲಿವಾಹನ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಅನಂತರ ವಂಶ, ಹೆಸರು, ಕಾರ್ಯ ಎಂಬ ಕ್ರಮವುಂಟು. ಸಂಪ್ರದಾಯದ ಲಗ್ನಪತ್ರಿಕೆಯ ಕ್ರಮವೂ ಇದೇ. ಶಾಸನವು ಧರ್ಮವನ್ನು ಕೆಡಿಸಿದವರಿಗೆ ಶಾಪ ಹೇಳಿ ಮುಗಿಯುತ್ತದೆ. ಪತ್ರಿಕೆಯು ಬಂದವರ ಆಶೀರ್ವಾದವನ್ನು ಬೇಡಿ ಮುಗಿಯುತ್ತದೆ. ಭೇದವಿರುವುದು ಫಲಶ್ರುತಿಯಲ್ಲಿ ಮಾತ್ರ.

ಕಲ್ಲಿನಂತೆ ಮೊಳೆಯೂ ಮಿತಿಯುಳ್ಳ ಸಾಧನ. ಅಕ್ಷರ ಜೋಡಿಸುವವನು ಸೀಸದ ಮೊಳೆಗಳನ್ನು ಒಂದೊಂದಾಗಿ ಕೇಸಿನಿಂದ ಆಯ್ದು, ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಎಡೆ ಬಿಡಬೇಕು. ಚಿಕ್ಕ ಕಾಗದದಲ್ಲಿ ದೀರ್ಘಸಮಾಸವು ಹಿಡಿಯದು. ಆದಕಾರಣ ಕರಡನ್ನು ತಂದವರಿಗೆ ಒಂದೆರಡು ವಿಶೇಷಣಗಳನ್ನು ಬಿಡುವುದು ಅನಿವಾರ್ಯವಾಗುತ್ತಿತ್ತು. ಕ್ಷೇಮೇಂದ್ರನು ಕಾವ್ಯದ ಜೀವಿತವೆಂದು ಎಣಿಸಿದ ಔಚಿತ್ಯವು ಇಲ್ಲಿ ಶಾಸ್ತ್ರಜ್ಞಾನದಿಂದಲ್ಲ, ಮೊಳೆಗಳ ಅಭಾವದಿಂದ ಸಿದ್ಧಿಸಿತು. ವಧೂವರರ ಹೆಸರು ದೊಡ್ಡ ಮೊಳೆಯಲ್ಲಿ, ಆಹ್ವಾನಿಸುವವರ ಹೆಸರು ಸಣ್ಣ ಮೊಳೆಯಲ್ಲಿ. ವಿನಯವು ಕಣ್ಣಿಗೇ ಕಾಣುತ್ತಿತ್ತು.

ಇಲ್ಲಿ ಒಂದು ಆಕ್ಷೇಪವುಂಟು. ಅಚ್ಚುಕೂಟದವರು ಒಮ್ಮೆ ಜೋಡಿಸಿದ ಪುಟವನ್ನು ದಾರದಿಂದ ಕಟ್ಟಿಟ್ಟು, ಮುಂದಿನ ಮದುವೆಗೆ ಹೆಸರು, ತಿಥಿ, ಸ್ಥಳಗಳನ್ನಷ್ಟೇ ಬದಲಿಸಬಹುದಾಗಿತ್ತು. ಆದ್ದರಿಂದ ಇದು ಚರ್ವಿತಚರ್ವಣವೇ ಹೊರತು ಸಾಹಿತ್ಯವಲ್ಲವೆಂದು ಕೆಲವರು ಹೇಳಬಹುದು. ಈ ಆಕ್ಷೇಪ ನಿಲ್ಲದು. ಸಂಕಲ್ಪವಾಕ್ಯದಲ್ಲಿಯೂ ನಾಮಗೋತ್ರ, ದೇಶಕಾಲಗಳು ಮಾತ್ರ ಬದಲಾಗುತ್ತವೆ. ಅದನ್ನು ಯಾರೂ ದೋಷವೆನ್ನುವುದಿಲ್ಲ. ಇಷ್ಟೇ ಅಲ್ಲ. ಜಹಗೀರುದಾರನ ಮನೆಯ ಮದುವೆಗೂ ಹೊಗೆಸೊಪ್ಪು ಬೆಳೆಯುವ ಸಣ್ಣ ರೈತನ ಮನೆಯ ಮದುವೆಗೂ ಒದಗುತ್ತಿದ್ದುದು ಆ ಒಂದೇ ವಾಕ್ಯ. ಕಾಗದ, ಶಾಯಿಗಳಲ್ಲಿ ತಾರತಮ್ಯವಿರಬಹುದು. ವಾಕ್ಯದ ಗೌರವದಲ್ಲಿ ಇರಲಿಲ್ಲ.

ಶಬ್ದದೋಷಗಳನ್ನು ವಿವೇಚಿಸುವಾಗಲೂ ಎಚ್ಚರ ಅಗತ್ಯ. ‘ಊಟೋಪಚಾರ’ ಎಂಬಲ್ಲಿ ದೇಶ್ಯಪದಕ್ಕೆ ಸಂಸ್ಕೃತದ ಗುಣಸಂಧಿಯನ್ನು ಹೇರಿದೆ; ಅದು ನಿಯಮಕ್ಕೆ ವಿರುದ್ಧವಾದರೂ ರೂಢಿಬಲದಿಂದ ನಿಂತಿದೆ. ‘ಆರತಕ್ಷತೆ’ಯನ್ನು ‘ಆರತ್ಯಕ್ಷತೆ’ಯೆಂದು ತಿದ್ದುವವರಿದ್ದಾರೆ. ‘ಆರತಿ’ಯು ‘ಆರಾತ್ರಿಕ’ದ ತದ್ಭವವಾಗಿರಲು, ಅದಕ್ಕೆ ಕನ್ನಡದ ಲೋಪಸಂಧಿಯು ಸಲ್ಲತಕ್ಕದ್ದೇ, ತಿದ್ದುಪಡಿಯೇ ಅನಾವಶ್ಯಕ. ಆದರೆ ‘ಶುಬ’, ‘ವದು’ ಎಂದು ಕಂಡುಬಂದರೆ ಬರೆದವನನ್ನು ಆಕ್ಷೇಪಿಸುವ ಮೊದಲು ಮೊಳೆಯನ್ನು ನೋಡಬೇಕು. ಭಕಾರ ಧಕಾರಗಳ ಮಹಾಪ್ರಾಣದ ಸೀಳು ಅತಿ ಕಿರಿದು. ಮೊಳೆ ಸವೆದರೆ ಅಥವಾ ಶಾಯಿ ತುಂಬಿದರೆ ಅದು ಮುಚ್ಚಿಹೋಗುತ್ತದೆ. ಓಲೆಯ ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಮೇಲೆ ಹೊರಿಸದ ಗ್ರಂಥಸಂಪಾದಕರು ಈ ನ್ಯಾಯವನ್ನು ಇಲ್ಲಿಯೂ ಪಾಲಿಸತಕ್ಕದ್ದು.

ಈಗ ಗಣಕಯಂತ್ರ, ಆಫ್‌ಸೆಟ್‌ಗಳು ಬಂದು ಮೊಳೆಯ ಮಿತಿ ತೊಲಗಿದೆ. ಹೆಸರುಗಳೂ ಬಿರುದುಗಳೂ ಚಿತ್ರಗಳೂ ಬೇಕಾದಷ್ಟು ಹಿಡಿಸುತ್ತವೆ. ಕರೆಯುವ ವಾಕ್ಯವು ಅವುಗಳ ನಡುವೆ ಮೂಲೆಗೆ ಸರಿಯುತ್ತದೆ. ಇದು ಯಂತ್ರದ ತಪ್ಪಲ್ಲ; ಮಿತಿಯು ಹೊರಗಿನಿಂದ ಬರದಿದ್ದಾಗ ಒಳಗಿನ ವಿವೇಕದಿಂದ ಬರಬೇಕು. ಹಳೆಯ ಮೊಳೆಗಳನ್ನು ಕರಗಿಸಿದರೆ ಸೀಸವು ಉಳಿಯುತ್ತದೆ, ವಾಕ್ಯವು ಉಳಿಯುವುದಿಲ್ಲ. ಅದು ಉಳಿದಿರುವುದು ಮನೆಮನೆಯ ಪೆಟ್ಟಿಗೆಗಳಲ್ಲಿ, ಅರಿಸಿನ ಹಚ್ಚಿದ ಮೂಲೆಗಳ ಆ ಕಾಗದಗಳಲ್ಲಿ ಮಾತ್ರ. ಈ ನಾಲ್ಕು ತಾಲ್ಲೂಕುಗಳ ಅಧ್ಯಾಪಕರು ಅವುಗಳನ್ನು ಸಂಗ್ರಹಿಸಿ, ವರ್ಷ, ಊರು, ಅಚ್ಚುಕೂಟಗಳ ಹೆಸರನ್ನು ಗುರುತಿಸಿಟ್ಟರೆ ಕನ್ನಡ ಗದ್ಯದ ಚರಿತ್ರೆಗೆ ಒಂದು ಅಧ್ಯಾಯವು ಒದಗುವುದು.