ಅಳಿಯಸಂತಾನ: ಉಳಿವಿನ ವಾದವೂ ಅದರ ಮಿತಿಯೂ

ಮನುಷ್ಯನು ದೇವರ ಹೆಸರಿನಲ್ಲಿ ಆಚರಿಸುವ ನಿಯಮಗಳ ಬೇರನ್ನು ಅಗೆದು ನೋಡಿದರೆ ಅಲ್ಲಿ ಅನ್ನದ ಚಿಂತೆಯೇ ಕಾಣುತ್ತದೆಂಬ ವಾದವು ಸಮಾಜಶಾಸ್ತ್ರದಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಗಂಡುಹೆಣ್ಣುಗಳ ಕೆಲಸದ ಹಂಚಿಕೆ, ಮದುವೆಯ ಕಟ್ಟಲೆ, ಮೈಲಿಗೆಯ ವಿಧಿ, ಆಸ್ತಿ ಹರಿಯುವ ಹಾದಿ ಇವೆಲ್ಲವೂ ಬದುಕಿ ಉಳಿಯುವ ಅಗತ್ಯದಿಂದ ರೂಪುಗೊಂಡುವೆಂದೂ, ಧರ್ಮವು ಆಮೇಲೆ ಬಂದು ಅವುಗಳ ಮೇಲೆ ತನ್ನ ಮುದ್ರೆಯನ್ನೊತ್ತಿತೆಂದೂ ಈ ವಾದದ ಸಾರ. 1884ರಲ್ಲಿ ಫ್ರೆಡರಿಕ್ ಎಂಗೆಲ್ಸ್ ಕುಟುಂಬದ ಉಗಮವನ್ನು ಆಸ್ತಿಯ ಇತಿಹಾಸದೊಡನೆ ಹೆಣೆದನು. 1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ನೇಗಿಲಿನ ಬೇಸಾಯಕ್ಕೂ ಹೆಣ್ಣು ಹೊಲದಿಂದ ಹಿಂದೆ ಸರಿದುದಕ್ಕೂ ಸಂಬಂಧವನ್ನು ತೋರಿಸಿದಳು. 1974ರಲ್ಲಿ ಮಾರ್ವಿನ್ ಹ್ಯಾರಿಸ್ ಗೋವಿನ ಪೂಜ್ಯತೆಗೂ ಹಂದಿಮಾಂಸದ ನಿಷೇಧಕ್ಕೂ ಜೀವನೋಪಾಯದ ಲೆಕ್ಕದಲ್ಲಿಯೇ ಕಾರಣವನ್ನು ಹುಡುಕಿದನು.

ಈ ವಾದಕ್ಕೆ ಒಂದು ಆಕರ್ಷಣೆಯಿದೆ. ಹಿರಿಯರ ಆಚಾರವನ್ನು ಮೂಢನಂಬಿಕೆಯೆಂದು ತಳ್ಳಿಬಿಡಲು ಮನಸ್ಸು ಬಾರದು. ದೈವವಿಧಿಯೆಂದು ಒಪ್ಪಿಕೊಳ್ಳಲು ಬುದ್ಧಿ ಬಿಡದು. ಇಂಥ ಇಕ್ಕಟ್ಟಿನಲ್ಲಿರುವ ವಿದ್ಯಾವಂತನಿಗೆ “ಅದು ಆ ಕಾಲದ ಅಗತ್ಯವಾಗಿತ್ತು” ಎಂಬ ಮಾತು ದೊಡ್ಡ ಸಮಾಧಾನ. ಪರಸ್ಥಳದಲ್ಲಿ ನೆಲಸಿ, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರಿಗಂತೂ ಅದು ಕೈಗೆ ಸುಲಭವಾಗಿ ಸಿಗುವ ಉತ್ತರ. ಆದರೆ ಸಮಾಧಾನ ಕೊಡುವ ಮಾತೆಲ್ಲ ಸತ್ಯವಾಗಿರಬೇಕೆಂದಿಲ್ಲ. ಈ ವಾದವನ್ನು ಒರೆಗೆ ಹಚ್ಚಲು, ಮುಂಬಯಿಯ ಕನ್ನಡಿಗರಲ್ಲಿ ದೊಡ್ಡ ಪಾಲಿನವರ ಮೂಲಸ್ಥಾನವಾದ ತುಳುನಾಡಿನ ಅಳಿಯಸಂತಾನ ಕಟ್ಟಿಗಿಂತ ತಕ್ಕ ಉದಾಹರಣೆ ಸಿಗಲಾರದು. ಆಸ್ತಿಯು ತಂದೆಯಿಂದ ಮಗನಿಗಲ್ಲದೆ ತಾಯಿಯ ಪೀಳಿಗೆಯಲ್ಲಿ ಇಳಿಯುವ, ಸೋದರಮಾವನ ಯಜಮಾನಿಕೆ ಸೋದರಳಿಯನಿಗೆ ಸಲ್ಲುವ ಪದ್ಧತಿಯದು.

ಮೊದಲು ಈ ವಾದಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. ತುಳುನಾಡಿನ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ಮೂರು ತೆರ. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಾದರೆ ಎತ್ತರದ ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಬೆಳೆ. ಇಂಥ ನೆಲವನ್ನು ತಲೆಮಾರಿಗೊಮ್ಮೆ ಪಾಲು ಮಾಡುತ್ತ ಹೋದರೆ ಒಬ್ಬನಿಗೆ ಬರಿಯ ಬೆಟ್ಟು, ಇನ್ನೊಬ್ಬನಿಗೆ ನೀರಿಲ್ಲದ ಮಜಲು ಉಳಿದೀತು. ಪಾಲಾಗದ ಮನೆತನವೇ ಇಲ್ಲಿ ಬಾಳುವ ಮನೆತನ. 1863ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯನು ಬಲವಂತವಾಗಿ ಪಾಲು ಕೇಳಲಾರನೆಂದು ತೀರ್ಪಿತ್ತಾಗ ಈ ಅವಿಭಕ್ತತೆಗೆ ಕಾನೂನಿನ ಬೇಲಿಯೂ ಬಿದ್ದಿತು. ಹೆಣ್ಣಿಗೂ ಇದರಿಂದ ಲಾಭವಾಗಲಿಲ್ಲವೆನ್ನುವಂತಿಲ್ಲ. ಮದುವೆಯಾದವಳು ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕು ತವರಿನಲ್ಲಿ ಉಳಿಯುತ್ತಿತ್ತು. ವಿಧವೆಯಾದಾಗ ತಿರುಗಿ ಬರುವ ಮನೆ ಅವಳದೇ ಆಗಿತ್ತು. ಅವಳ ಮರುಮದುವೆಗೆ ಬುಡುದಾರೆ ಎಂಬ ಪ್ರತ್ಯೇಕ ಹೆಸರೇ ಇದೆ. ಅದೇ ಕರಾವಳಿಯ ಬ್ರಾಹ್ಮಣ ಮನೆಗಳಲ್ಲಿ ವಿಧವೆಯಾದ ಹುಡುಗಿಗೆ ಕೇಶಮುಂಡನವಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಮೇಲಿನ ಕೊನೆಯ ವಾಕ್ಯದಲ್ಲಿಯೇ ವಾದದ ತೊಡಕೂ ಅಡಗಿದೆ. ಅದೇ ಮಳೆ, ಅದೇ ಭತ್ತ, ಅದೇ ಬೈಲು ಮಜಲುಗಳ ನಡುವೆ ಬ್ರಾಹ್ಮಣರೂ ಕೊಂಕಣಿಗರೂ ಕ್ರೈಸ್ತರೂ ತಂದೆಯ ಪೀಳಿಗೆಯನ್ನು ಹಿಡಿದು ಬಾಳಿದರು. ಇತ್ತ ಗುತ್ತುಬೀಡುಗಳ ಬಂಟರು, ಕಳ್ಳಿಳಿಸುವ ಕಸುಬಿನ ಬಿಲ್ಲವರು, ಕಡಲಿಗಿಳಿಯುವ ಮೊಗವೀರರು, ವ್ಯಾಪಾರವನ್ನೂ ಅರಸುತನವನ್ನೂ ಕಂಡ ಜೈನರು—ಕಸುಬು ಬೇರೆಬೇರೆಯಾದ ಇವರೆಲ್ಲರೂ ಅಳಿಯಸಂತಾನಿಗಳು. ಗಂಡಸರು ಯುದ್ಧಕ್ಕೋ ಸಮುದ್ರಕ್ಕೋ ಹೋಗುತ್ತಿದ್ದುದರಿಂದ ಮನೆ ಹೆಣ್ಣಿನ ಹೆಸರಿನಲ್ಲಿ ಉಳಿಯಿತೆಂಬ ವಿವರಣೆ ಮೊಗವೀರನಿಗೆ ಒಪ್ಪೀತು. ದಿನವೂ ಸಂಜೆ ತಾಳೆಮರದಿಂದಿಳಿದು ಮನೆಗೆ ಬರುವ ಬಿಲ್ಲವನಿಗೆ ಹೇಗೆ ಒಪ್ಪೀತು? ಒಂದೇ ನೆಲದಲ್ಲಿ ಎರಡು ಕಟ್ಟಲೆ, ಒಂದೇ ಕಟ್ಟಲೆಯಲ್ಲಿ ನಾಲ್ಕು ಜೀವನೋಪಾಯ. ಅಗತ್ಯವು ದಾರಿಯನ್ನು ತೆರೆದಿರಬಹುದು. ಯಾವ ದಾರಿಯನ್ನು ಹಿಡಿಯಬೇಕೆಂದು ಅದೊಂದೇ ನಿರ್ಣಯಿಸಲಿಲ್ಲ.

ನೇಗಿಲಿನ ಸಿದ್ಧಾಂತಕ್ಕೂ ಇಲ್ಲಿ ಇದೇ ಗತಿ. ಬೋಸರಪ್ಪಳ ವಿಚಾರವನ್ನು 2013ರಲ್ಲಿ ಆಲೆಸಿನಾ, ಜೂಲಿಯಾನೊ, ನನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಂಕಿಅಂಶಗಳಿಂದ ಪರೀಕ್ಷಿಸಿ, ನೇಗಿಲು ಹಿಡಿದ ಸಮಾಜಗಳ ವಂಶಜರಲ್ಲಿ ಸ್ತ್ರೀಪುರುಷ ಸಮಾನತೆಯ ಭಾವನೆ ಕಡಿಮೆಯೆಂದು ತೋರಿಸಿದರು. ಹೊಲವನ್ನೇ ಕಾಣದ ವಲಸೆಗಾರರ ಮಕ್ಕಳಲ್ಲಿಯೂ ಆ ಗುರುತು ಉಳಿದಿರುವುದನ್ನು ಕಂಡರು. ತುಳುನಾಡಿನ ಗದ್ದೆಯಲ್ಲಿ ಉಳುವವನು ಗಂಡಸೇ, ನೇಜಿ ನೆಡುವವಳು ಹೆಂಗಸೇ. ಆದರೂ ಆಸ್ತಿ ನೇಗಿಲನ್ನು ಹಿಂಬಾಲಿಸಿ ಮಗನ ಕಡೆಗೆ ಹೋಗಲಿಲ್ಲ. ಸರಾಸರಿಯ ಸತ್ಯವು ಒಂದು ನಾಡಿನ ಸತ್ಯವಾಗುವುದಿಲ್ಲವೆಂಬುದನ್ನು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಳಿಯಸಂತಾನವು ತನ್ನ ಹುಟ್ಟಿನ ಬಗೆಗೆ ತಾನೇ ಹೇಳಿಕೊಳ್ಳುವ ಕಥೆಯನ್ನು ನೋಡಬೇಕು. ದೇವಪಾಂಡ್ಯನೆಂಬವನು ಹಡಗುಗಳನ್ನು ಕಟ್ಟಿಸಿ ಸರಕು ತುಂಬಿದನು. ಭೂತರಾಜನಾದ ಕುಂಡೋದರನು ಹಡಗು ಹೊರಡಬೇಕಾದರೆ ನರಬಲಿ ಬೇಕೆಂದನು. ದೇವಪಾಂಡ್ಯನು ಹೆಂಡತಿಯನ್ನು ಒಬ್ಬ ಮಗನನ್ನು ಕೊಡೆಂದು ಕೇಳಿದನು, ಅವಳು ಒಪ್ಪಲಿಲ್ಲ. ತಂಗಿಯಾದ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಕುಂಡೋದರನು ಆ ಹುಡುಗನಲ್ಲಿ ರಾಜಲಕ್ಷಣಗಳನ್ನು ಕಂಡು ಬಲಿಯನ್ನು ಬಿಟ್ಟುಕೊಟ್ಟು, ಅವನಿಗೆ ಭೂತಾಳಪಾಂಡ್ಯನೆಂದು ಹೆಸರಿಟ್ಟನು. ಹಡಗುಗಳು ಐಶ್ವರ್ಯದೊಡನೆ ಮರಳಿದಾಗ ಮತ್ತೊಮ್ಮೆ ಬಲಿಯ ಬೇಡಿಕೆ, ಮತ್ತೊಮ್ಮೆ ಹೆಂಡತಿಯ ನಿರಾಕರಣೆ. ಈ ಸಲ ಅವಳು ಆ ಸಂಪತ್ತಿನ ಮೇಲಿನ ತನ್ನ ಮತ್ತು ತನ್ನ ಮಕ್ಕಳ ಹಕ್ಕನ್ನೂ ಎಲ್ಲರೆದುರು ತೊರೆದಳು. ಆಸ್ತಿಯೆಲ್ಲ ಅಳಿಯನಿಗೆ ಸಂದಿತು. ಅವನು ಅದನ್ನೇ ನಾಡಿನ ಕಟ್ಟಲೆಯಾಗಿ ಮಾಡಿದನು.

ಸಂಪ್ರದಾಯವು ಭೂತಾಳಪಾಂಡ್ಯನನ್ನು ಕ್ರಿಸ್ತಶಕದ ಮೊದಲ ಶತಮಾನಕ್ಕೆ ಒಯ್ಯುತ್ತದೆ. ಅದಕ್ಕೆ ಶಾಸನದ ಆಧಾರವಿಲ್ಲ. ಮೊದಲೇ ಇದ್ದ ಪದ್ಧತಿಗೆ ಕಾರಣ ಹೇಳಲು ಹುಟ್ಟಿದ ಕಥೆಯಿದೆಂಬುದು ಸ್ಪಷ್ಟ. ಆದುದರಿಂದ ಪದ್ಧತಿಯ ಮೂಲಕ್ಕೆ ಇದು ಸಾಕ್ಷಿಯಾಗದು. ಆ ಪದ್ಧತಿಯ ಮನಸ್ಸಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಕಥೆಯಲ್ಲಿ ಅಗತ್ಯವಿದೆ, ಅದು ಹಸಿವಲ್ಲ, ಹಡಗು ಹೊರಡಬೇಕೆಂಬ ಆಸೆ. ಆ ಆಸೆಗೆ ದೈವದ ಬಾಯಿಯಿಂದ ಆಜ್ಞೆಯ ರೂಪ ಬರುತ್ತದೆ. ಬಲಿಯ ಮಾತು ಬಂದಾಗ ಗಂಡಸು ತನ್ನನ್ನು ಒಡ್ಡಿಕೊಳ್ಳುವುದಿಲ್ಲ; ಇಬ್ಬರು ಹೆಂಗಸರ ಬಳಿಗೆ ಹೋಗುತ್ತಾನೆ. ಮಗುವನ್ನು ಕೊಟ್ಟ ತಂಗಿಗೆ ಬಹುಮಾನ ಬಂದುದಾದರೂ ಹೇಗೆ? ರಾಜ್ಯ ಅವಳ ಕೈಗೆ ಬರಲಿಲ್ಲ, ಅವಳ ಮಗನಿಗೆ ಹೋಯಿತು. ಮಗುವನ್ನು ಕೊಡೆನೆಂದ ತಾಯಿಗೆ ಸಿಕ್ಕಿದುದು ದಂಡನೆ. ಇಡೀ ಕಥೆಯಲ್ಲಿ ಮನುಷ್ಯಸಹಜವಾದ ಮಾತನ್ನಾಡಿದವಳು ಅವಳೊಬ್ಬಳೇ, ಸೋತವಳೂ ಅವಳೇ. ಮನೆತನದ ಉಳಿವು ಬೇರೆ, ಮನೆಯಲ್ಲಿರುವವರ ಉಳಿವು ಬೇರೆ ಎಂಬುದನ್ನು ಸಿದ್ಧಾಂತಿಗಳು ಮರೆತರೂ ಕಥೆ ಮರೆತಿಲ್ಲ.

ಈ ಭೇದವನ್ನು ಇನ್ನೂ ನಿಷ್ಠುರವಾಗಿ ಕಾಣಬೇಕಾದರೆ 1949ರ ಮದರಾಸು ಅಳಿಯಸಂತಾನ ಕಾಯಿದೆಯನ್ನು ಓದಬೇಕು. ಪಾಲಿಗೆ ಅವಕಾಶವಿತ್ತ ಈ ಕಾಯಿದೆಯು ಕುಟುಂಬದ ಕವಲುಗಳನ್ನು, ಅಂದರೆ ಕವರುಗಳನ್ನು, ಸಂತತಿ ಕವರು, ನಿಸ್ಸಂತತಿ ಕವರು ಎಂದು ಎರಡಾಗಿ ವಿಂಗಡಿಸಿತು. ಐವತ್ತು ವರ್ಷ ತುಂಬದ ಹೆಣ್ಣೊಬ್ಬಳಾದರೂ ಇರುವ ಕವರು ಸಂತತಿ ಕವರು, ಉಳಿದುದು ನಿಸ್ಸಂತತಿ. ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಪಾಲಿನ ಆಸ್ತಿಯಲ್ಲಿ ಜೀವಾವಧಿಯ ಹಕ್ಕು ಮಾತ್ರ. ತಾಯಿಯ ಪೀಳಿಗೆಯ ಗೌರವವನ್ನು ಕೊಂಡಾಡುವ ಲೇಖನಗಳು ಅನೇಕವಿವೆ. ಈ ಒಂದು ವ್ಯಾಖ್ಯೆಯ ಮುಂದೆ ಅವು ಮಂಕಾಗುತ್ತವೆ. ಇಲ್ಲಿ ಎಣಿಕೆಗೆ ಬಂದುದು ಹೆಣ್ಣಲ್ಲ, ಹೆರಬಲ್ಲ ಹೆಣ್ಣು. ಐವತ್ತು ತುಂಬಿದ ದಿನ ಅವಳು ಅದೇ ಮನೆಯಲ್ಲಿ, ಅದೇ ಜಗಲಿಯಲ್ಲಿ ಕುಳಿತಿದ್ದರೂ ಲೆಕ್ಕದಿಂದ ಆಚೆಗೆ ಸರಿದಿರುತ್ತಾಳೆ. ಉಳಿವಿನ ವಾದಕ್ಕೆ ಇದಕ್ಕಿಂತ ಪ್ರಬಲವಾದ ಸಮರ್ಥನೆಯೂ ಇಲ್ಲ, ಇದಕ್ಕಿಂತ ಕಠೋರವಾದ ಖಂಡನೆಯೂ ಇಲ್ಲ.

ಧಾರ್ಮಿಕ ವಿಧಿಗಳ ಮಾತು ಬಂದಾಗ ಕೆಡ್ಡಸದ ಉದಾಹರಣೆಯನ್ನು ಕೊಡುವುದುಂಟು. ಫೆಬ್ರವರಿಯ ಸುಮಾರಿಗೆ ಬರುವ ಈ ಹಬ್ಬದಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ, ಹಸಿರನ್ನು ಕಡಿಯುವುದಿಲ್ಲ; ಕೊನೆಗೆ ಹೆಂಗಸರು ಎಣ್ಣೆ ಅರಸಿನಗಳನ್ನು ನೆಲಕ್ಕೆ ಅರ್ಪಿಸುತ್ತಾರೆ. ನೆಲಕ್ಕೆ ಬಿಡುವು ಕೊಟ್ಟಂತೆ ಹೆಣ್ಣಿಗೂ ಬಿಡುವು ಕೊಡಲೆಂದೇ ಹಿರಿಯರು ಮುಟ್ಟಿನ ನಿಯಮಗಳನ್ನು ಮಾಡಿದರೆಂದು ಇದರಿಂದ ಊಹಿಸುವವರಿದ್ದಾರೆ. ಕೆಡ್ಡಸವು ನಿಜವಾಗಿ ಸುಂದರವಾದ ಕಲ್ಪನೆ. ಅದರಿಂದ ಹೊರಡಿಸಿದ ತರ್ಕ ಮಾತ್ರ ನಿಲ್ಲುವುದಿಲ್ಲ. ವಿಶ್ರಾಂತಿಯೇ ಉದ್ದೇಶವಾಗಿದ್ದರೆ ಹೆಚ್ಚು ದುಡಿಯುವವಳಿಗೆ ಅದು ಮೊದಲು ದೊರೆಯಬೇಕಾಗಿತ್ತು. ಗದ್ದೆಗೆ ಇಳಿಯುವ ಅಗತ್ಯವೇ ಇಲ್ಲದ ಹೆಂಗಸರ ಮನೆಗಳಲ್ಲಿಯೇ ಈ ನಿಯಮ ಅತ್ಯಂತ ಬಿಗಿಯಾಗಿದ್ದುದು ಏಕೆ? ಮುಟ್ಟಾದ ಭೂಮಿಗೆ ಎಣ್ಣೆಯ ಉಪಚಾರ, ಮುಟ್ಟಾದ ಮಗಳಿಗೆ ಹೊರಗಿನ ಮೂಲೆ. ಇವೆರಡನ್ನೂ ಒಂದೇ ಅಗತ್ಯದಿಂದ ಹುಟ್ಟಿಸುವುದು ಸಾಧ್ಯವಿಲ್ಲ.

ಧರ್ಮವು ಅಗತ್ಯದ ಮೇಲೊತ್ತಿದ ಮುದ್ರೆ ಮಾತ್ರವೆಂಬ ಮಾತಿಗೆ ತುಳುವರ ಸಿರಿ ಪಾಡ್ದನವು ಉತ್ತರವಾಗಿ ನಿಲ್ಲುತ್ತದೆ. ಗೋಪಾಲ ನಾಯ್ಕರು ಹಾಡಿದ ಇದರ ಪಾಠವನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡು ಫಿನ್ಲೆಂಡಿನ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು 1998ರಲ್ಲಿ ಪ್ರಕಟಿಸಿದರು. ಅದರ ವಿಸ್ತಾರ 15,683 ಸಾಲುಗಳು. ಸತ್ಯನಾಪುರದ ವೃದ್ಧನಾದ ಬೆರ್ಮಾಳ್ವನಿಗೆ ದೈವಾನುಗ್ರಹದಿಂದ ದೊರೆತವಳು ಸಿರಿ. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾಗುತ್ತಾಳೆ. ಬಸುರಿಯಾದಾಗ ಬಯಕೆಗೆಂದು ಗಂಡನು ತಂದ ಸೀರೆಯನ್ನು ಮೊದಲು ಸೂಳೆಯೊಬ್ಬಳು ಉಟ್ಟಿದ್ದಳೆಂದು ತಿಳಿದು ಅದನ್ನು ನಿರಾಕರಿಸುತ್ತಾಳೆ. ವೃದ್ಧನು ತೀರಿದ ಬಳಿಕ ಅರಮನೆಯ ಹಕ್ಕಿನ ವ್ಯಾಜ್ಯದಲ್ಲಿ ಅವಳಿಗೆ ನ್ಯಾಯ ದೊರೆಯುವುದಿಲ್ಲ. ಅವಳು ಮನೆಯನ್ನೂ ಗಂಡನನ್ನೂ ಬಿಟ್ಟು ನಡೆಯುತ್ತಾಳೆ. ಮಗನಾದ ಕುಮಾರನು ಮಾಯಕ್ಕೆ ಸಲ್ಲುತ್ತಾನೆ. ಮುಂದೆ ಕೊಡ್ಸರಾಳ್ವನನ್ನು ವರಿಸಿ, ಸೊನ್ನೆಯನ್ನು ಹೆತ್ತು ಸಾಯುತ್ತಾಳೆ.

ಅಳಿಯಸಂತಾನದ ತರ್ಕದಂತೆ ಸಿರಿಯೇ ಆ ಮನೆ. ಪೀಳಿಗೆ ಮುಂದುವರಿಯಬೇಕಾದುದು ಅವಳಿಂದ. ಆದರೂ ಹಕ್ಕಿನ ನಿರ್ಣಯ ಗಂಡಸರ ಚಾವಡಿಯಲ್ಲಿ ನಡೆಯುತ್ತದೆ. ಹೆಣ್ಣಿನ ಮೂಲಕ ಆಸ್ತಿ ಹರಿಯುವುದಕ್ಕೂ ಹೆಣ್ಣಿನ ಕೈಯಲ್ಲಿ ಆಸ್ತಿ ಇರುವುದಕ್ಕೂ ಎಷ್ಟು ಅಂತರವೆಂಬುದನ್ನು ಪಾಡ್ದನ ಬಿಚ್ಚಿ ತೋರಿಸುತ್ತದೆ. ಹಿರಿಯ ಹೆಂಗಸು ಯಜಮಾನ್ತಿಯಾಗಬಹುದೆಂಬ ನಿಯಮ ಕಟ್ಟಿನಲ್ಲಿತ್ತು, ನಿಜ. ವ್ಯವಹಾರವೆಲ್ಲ ಸೋದರಮಾವನ ಕೈಯಲ್ಲಿದ್ದುದೇ ಹೆಚ್ಚು. ಮುಖ್ಯವಾದುದು ಇನ್ನೊಂದಿದೆ. ಮನೆತನದ ಉಳಿವನ್ನು ಧಿಕ್ಕರಿಸಿ ಹೊರಟ ಈ ಹೆಣ್ಣನ್ನು ಜನರು ದೈವವಾಗಿ ಆರಾಧಿಸಿದರು. ಕವತ್ತಾರು, ಹಿರಿಯಡಕ, ನಂದಳಿಕೆ ಮೊದಲಾದ ಕಡೆಗಳ ಸಿರಿ ಜಾತ್ರೆಗಳಲ್ಲಿ ನೂರಾರು ಹೆಂಗಸರ ಮೈಮೇಲೆ ಸಿರಿಯೂ ಅವಳ ಪೀಳಿಗೆಯವರೂ ಬರುತ್ತಾರೆ. ಮನೆಯಲ್ಲಿ ಆಡಲಾಗದ ಸಂಕಟವನ್ನು ಅಲ್ಲಿ ದೈವದ ಮಾತಾಗಿ ಆಡುತ್ತಾರೆ. ದೇವಪಾಂಡ್ಯನ ಹೆಂಡತಿಗೆ ಗುಡಿಯಿಲ್ಲ, ಸಿರಿಗೆ ಆಲಡೆಯಿದೆ. ಒಲ್ಲೆನೆಂದ ಹೆಣ್ಣನ್ನು ಶಿಕ್ಷಿಸಿದ ಧರ್ಮವೂ ಪೂಜಿಸಿದ ಧರ್ಮವೂ ಒಂದೇ ನಾಡಿನವು. ಆ ಪೂಜೆಯು ಯಾವ ಗದ್ದೆಯ ಅಗತ್ಯದಿಂದ ಹುಟ್ಟಿತೆಂದು ಹೇಳುವುದು ಕಷ್ಟ.

ಗದ್ದೆಯ ಮಾತಾದರೂ ಈಗ ಬದಲಾಗಿದೆ. 1974ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ನೆಲ ಒಕ್ಕಲುಗಳಿಗೆ ಸಂದು, ದೊಡ್ಡ ಮನೆತನಗಳನ್ನು ಹಿಡಿದಿಟ್ಟಿದ್ದ ಹಿಡುವಳಿಗಳು ಚದುರಿದುವು. ಮುಂಬಯಿಯಲ್ಲಿ ಗಳಿಸಿದ ಮನೆ, ಹೋಟೆಲು, ಠೇವಣಿಗಳು ಉಯಿಲಿಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಲ್ಲುತ್ತವೆ. ಸೋದರಳಿಯನ ಹೆಸರು ಆ ಪಟ್ಟಿಯ ಮೊದಲ ವರ್ಗದಲ್ಲಿಲ್ಲ. ಅಗತ್ಯ ತೀರಿದರೆ ನಿಯಮವೂ ತೀರುವುದೆಂದಾದರೆ ಅಳಿಯಕಟ್ಟು ಇಷ್ಟರಲ್ಲಿ ಪೂರ್ತಿ ಮರೆತುಹೋಗಬೇಕಾಗಿತ್ತು. ಆದರೆ ಮದುವೆಯ ಮಾತುಕತೆಯಲ್ಲಿ ಇಂದಿಗೂ ಮೊದಲು ಕೇಳುವುದು ಹುಡುಗ ಹುಡುಗಿಯರ ಬರಿಯನ್ನು, ಅಂದರೆ ತಾಯಿಯಿಂದ ಬಂದ ಬಳಿಯನ್ನು. ಎರಡೂ ಒಂದೇ ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಊರಿನ ಕುಟುಂಬದ ಮನೆಯ ದೈವಕ್ಕೆ ತಂಬಿಲ ಕಟ್ಟುವ ಹೊಣೆಯೂ ಆ ಬರಿಯವರದೇ. ಅಂಧೇರಿಯಲ್ಲೋ ಮುಲುಂದಿನಲ್ಲೋ ಹುಟ್ಟಿ ಬೆಳೆದ ಹುಡುಗನು ಹೆಸರಿನ ಮುಂದೆ ತಂದೆಯ ಹೆಸರನ್ನು ಬರೆಯುತ್ತಾನೆ, ತಂದೆಯ ಆಸ್ತಿಗೆ ಬಾಧ್ಯನಾಗುತ್ತಾನೆ. ತಂಬಿಲದ ವರಾಡವನ್ನು ಮಾತ್ರ ತಾಯಿಯ ಮನೆಗೆ ಕಳುಹಿಸುತ್ತಾನೆ.